ಕಡವಿನಿಂದ ಸೇತುವೆಗೆ: ಕರಾವಳಿ ಹೆದ್ದಾರಿಯ ಪೂರ್ವಕಥೆ

ಮಂಗಳೂರಿನಿಂದ ಕಾರವಾರದವರೆಗೆ ಸುಮಾರು 270 ಕಿಲೋಮೀಟರ್ ಉದ್ದದ ರಸ್ತೆಯನ್ನು ಮೋಟಾರ್ ಸೈಕಲ್ ಸವಾರರ ತಂಡಗಳು ಇಂದು ಒಂದು ಹಗಲಿನಲ್ಲಿ ಕ್ರಮಿಸುತ್ತವೆಯಾದರೂ, ಕರಾವಳಿಯ ಇತಿಹಾಸದಲ್ಲಿ ಉತ್ತರ-ದಕ್ಷಿಣದ ನೆಲದಾರಿಗೆ ಬಹುಕಾಲ ಎರಡನೆಯ ಸ್ಥಾನವಷ್ಟೇ ಇತ್ತು. ಸರಕು ಸಾಗುತ್ತಿದ್ದುದು ಪತ್ತೇಮಾರಿ, ಮಂಜಿ ಮುಂತಾದ ಹಾಯಿಹಡಗುಗಳಲ್ಲಿ. ಬ್ರಿಟಿಷರ ಆಸಕ್ತಿಯಿದ್ದುದು ಧಾರವಾಡದ ಹತ್ತಿಯನ್ನು ಕುಮಟಾ, ಕಾರವಾರ ಬಂದರುಗಳಿಗೆ ಇಳಿಸುವ ಘಟ್ಟದ ರಸ್ತೆಗಳಲ್ಲಿ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿ, ದಕ್ಷಿಣ ಕನ್ನಡವು ಮದ್ರಾಸಿನಲ್ಲೇ ಉಳಿದದ್ದರಿಂದ, 1956ರವರೆಗೆ ಈ ದಾರಿಗೆ ಒಬ್ಬನೇ ಯಜಮಾನನೂ ಇರಲಿಲ್ಲ.

ನಿಜವಾದ ತೊಡಕು ಹೊಳೆಗಳದು. ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ನದಿಗಳು ಕಡಲು ಸೇರುವ ಮುನ್ನ ಅಗಲವಾಗುವುದರಿಂದ, ಸೇತುವೆಗಳು ಬರುವ ಮೊದಲು ಪ್ರಯಾಣಿಕರು ಕಡವುಗಳಲ್ಲಿ, ಅಂದರೆ ದೋಣಿಯಿಂದ ಹೊಳೆ ದಾಟುವ ತಾಣಗಳಲ್ಲಿ, ಕಾಯಬೇಕಾಗಿತ್ತು. ವಾಹನಗಳನ್ನು ದಾಟಿಸಲು ಎರಡು ದೋಣಿಗಳನ್ನು ಜೊತೆಗಟ್ಟಿ ಮೇಲೆ ಹಲಗೆ ಹಾಸಿದ ಜಂಗಲ್ ಬಳಕೆಯಲ್ಲಿತ್ತು. ಭರತ-ಇಳಿತ, ಗಾಳಿ, ಅಂಬಿಗನ ಅನುಕೂಲ ಇವೆಲ್ಲ ಕೂಡಿಬಂದ ಮೇಲೆಯೇ ಪ್ರಯಾಣದ ಲೆಕ್ಕ ಕೈಗೂಡುತ್ತಿತ್ತು.

ರಾಷ್ಟ್ರೀಯ ಹೆದ್ದಾರಿ 17 ಎಂದು ಕರೆಯಲಾಗುತ್ತಿದ್ದು, ಮರುಸಂಖ್ಯೆಯ ಬಳಿಕ 66 ಆದ ಈ ರಸ್ತೆಯಲ್ಲಿ ಇಂದಿನ ತಂಡಗಳು ಇಂಧನ, ವಸತಿ, ಮರವಂತೆಯ ನಿಲುಗಡೆ (ಉತ್ತರಕ್ಕೆ ಹೋಗುವವರಿಗೆ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ) ಇವನ್ನಷ್ಟೇ ಯೋಜಿಸುತ್ತವೆ. ಆ ನಿಶ್ಚಿಂತೆಗೂ ಮಿತಿಯಿದೆ: 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತು, ಆಗಸ್ಟ್ 7ರಂದು ಕಾಳಿಯ ಹಳೆಯ ಸೇತುವೆಯೇ ನದಿಗೆ ಬಿದ್ದು, ಸಂಚಾರವನ್ನೆಲ್ಲ ಪಕ್ಕದ ಹೊಸ ಸೇತುವೆ ಹೊರಬೇಕಾಯಿತು.