ಕಲ್ಪಿತ ದೇಶಗಳ ಧ್ವಜ: ಏನು ಉಳಿಯಬೇಕು, ಏನು ಅಳಿಯಬೇಕು?

ಇತಿಹಾಸ ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವ ಕಥನವೇ ಪರ್ಯಾಯ ಇತಿಹಾಸ. ಅಲ್ಲಿನ ದೇಶಗಳಿಗೂ ಧ್ವಜ, ಲಾಂಛನ ಬೇಕು. ಹೊಸ ಆಳ್ವಿಕೆ ಹಳೆಯದರಲ್ಲಿ ಏನನ್ನು ಉಳಿಸಿಕೊಂಡಿತು ಎಂಬುದೇ ವಿನ್ಯಾಸದ ಮೊದಲ ಪ್ರಶ್ನೆ.

'ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್' ಸರಣಿಯಲ್ಲಿ (2015–2019) ಎರಡನೇ ಮಹಾಯುದ್ಧ ಗೆದ್ದಿರುವುದು ನಾಜಿಗಳು. ಅವರ ವಶದಲ್ಲಿರುವ ಅಮೆರಿಕದ ಧ್ವಜದಲ್ಲಿ ಕೆಂಪು–ಬಿಳಿ ಪಟ್ಟಿಗಳು ಹಾಗೇ ಇವೆ. ನಕ್ಷತ್ರಗಳ ಜಾಗದಲ್ಲಿ ನಾಜಿ ಸ್ವಸ್ತಿಕವಿದೆ. ಸೋಲಿನ ಕಥೆಗೆ ಅಷ್ಟೇ ಸಾಕು.

ಬಣ್ಣಕ್ಕೂ ನಿಯಮವಿದೆ. ಯುರೋಪಿನ ಲಾಂಛನ ಪದ್ಧತಿಯಲ್ಲಿ ಹಳದಿಯ ಮೇಲೆ ಬಿಳಿ, ನೀಲಿಯ ಮೇಲೆ ಕೆಂಪು ಸಲ್ಲದು. ದೂರದಿಂದಲೇ ಗುರುತು ಸಿಗಬೇಕು.

ನಿಜ ಇತಿಹಾಸದ ನಡೆಯೂ ಇದೇ. ಮೈಸೂರು ಒಡೆಯರ ಗಂಡಭೇರುಂಡ ಇಂದಿಗೂ ಕರ್ನಾಟಕದ ಲಾಂಛನದಲ್ಲಿ ಕೆಂಪು ಗುರಾಣಿಯ ಮೇಲೆ ಬಿಳಿಯಾಗಿ ನಿಂತಿದೆ. ಮೇಲೆ ಅಶೋಕನ ಸಿಂಹಗಳು ಸೇರಿವೆ.