ಹುರಿ ಕೊಟ್ಟು ಅಕ್ಕಿ ತಂದ ಕಡಲ ದಾರಿ

ಆರ್.ಕೆ.ಪುರಂನಲ್ಲಿ ನಾವು ರಾಜ್ಯೋತ್ಸವ ಆಚರಿಸುವಾಗ ನನಗೆ ಐದು ದ್ವೀಪಗಳು ನೆನಪಾಗುತ್ತವೆ: ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ. ಟಿಪ್ಪುವಿನ ಕೈಯಲ್ಲಿದ್ದ ಇವು 1799ರಲ್ಲಿ ಕಂಪನಿಯ ವಶವಾಗಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಮಂಗಳೂರು ಮೈಸೂರು ರಾಜ್ಯಕ್ಕೆ ಬಂತು. ಈ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು.

ಅಮಿನಿಯಿಂದ ಮಂಗಳೂರಿಗೆ ಸುಮಾರು 300 ಕಿ.ಮೀ. ಕಡಲು. ಮಳೆಗಾಲ ಕಳೆದ ಮೇಲೆ ಗಂಡಸರು ‘ಓಡಂ’ ಎಂಬ ಹಾಯಿದೋಣಿಗಳಲ್ಲಿ ಹೊರಡುತ್ತಿದ್ದರು. ಒಯ್ಯುತ್ತಿದ್ದುದು ಮುಖ್ಯವಾಗಿ ತೆಂಗಿನ ನಾರಿನ ಹುರಿ, ತರುತ್ತಿದ್ದುದು ಅಕ್ಕಿ. ದ್ವೀಪದ ಮರಳಿನಲ್ಲಿ ಭತ್ತ ಬೆಳೆಯದು. ಹುರಿಯ ವ್ಯಾಪಾರ ಸರ್ಕಾರದ ಹಿಡಿತದಲ್ಲಿತ್ತು. ಎಷ್ಟು ಹುರಿಗೆ ಎಷ್ಟು ಅಕ್ಕಿ ಎಂದು ಗೊತ್ತುಮಾಡುತ್ತಿದ್ದುದೂ ಸರ್ಕಾರವೇ.

ಆ ಹುರಿ ಹೆಂಗಸರ ದುಡಿಮೆ. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಕೊಳೆಹಾಕಿ, ಬಡಿದು, ನಾರು ಬಿಡಿಸಿ, ಕೈಯಲ್ಲೇ ಹೊಸೆಯುತ್ತಿದ್ದರು. ಓಡಂನ ಹಲಗೆಗಳನ್ನು ಹೊಲಿದು ಜೋಡಿಸುತ್ತಿದ್ದುದೂ ತೆಂಗಿನ ಹುರಿಯಿಂದಲೇ.

ಕಡಲಿಗಿಳಿದವರು ಗಂಡಸರು, ನಿಜ. ಆದರೆ ಮನೆಗೆ ಬಂದ ಅಕ್ಕಿಯ ಬೆಲೆ ತೆತ್ತವರು ದಡದಲ್ಲಿದ್ದ ಹೆಂಗಸರು. ನಮ್ಮ ಕರಾವಳಿಯ ಚರಿತ್ರೆಯಲ್ಲಿ ಅವರಿಗೂ ಒಂದು ಪುಟ ಇರಲಿ ಎಂಬುದು ನನ್ನ ಆಸೆ.