ಆವೃತ್ತಿಯ ಆಯ್ಕೆ

ಒಂದೇ ಗ್ರಂಥಕ್ಕೆ ಜನಪ್ರಿಯ ಆವೃತ್ತಿ, ವಿದ್ವತ್ ಆವೃತ್ತಿ ಎಂಬ ಭೇದವುಂಟೆಂಬುದನ್ನು ವಾಚಕರು ಬಲ್ಲರು. ಗಣಕಯಂತ್ರವನ್ನು ನಡೆಸುವ ವಿಂಡೋಸಿಗೂ ಇಂಥ ಭೇದ ಬಂದುದು ಹೇಗೆ?

ಮೈಕ್ರೋಸಾಫ್ಟ್ ಸಂಸ್ಥೆಯು ಮೊದಲು ಮನೆಗೆ 95, 98 ಎಂದೂ, ಕಛೇರಿಗೆ ಎನ್‌ಟಿ ಎಂದೂ ಎರಡು ವಂಶಗಳನ್ನು ಬೆಳೆಸಿತ್ತು. 2001ರ ಅಕ್ಟೋಬರಿನಲ್ಲಿ ಬಂದ ಎಕ್ಸ್‌ಪಿಯು ಎರಡನ್ನೂ ಒಂದೇ ತಿರುಳಿನ ಮೇಲೆ ನಿಲ್ಲಿಸಿತು. ಆದರೂ ಮಾರಾಟದಲ್ಲಿ ಹೋಮ್, ಪ್ರೊಫೆಷನಲ್ ಎಂಬ ಭೇದ ಉಳಿಯಿತು. ಕಛೇರಿಯ ಡೊಮೇನ್ ಜಾಲವನ್ನು ಸೇರುವ ಅವಕಾಶ ಹೋಮಿಗಿರಲಿಲ್ಲ.

2007ರ ವಿಸ್ಟಾದಲ್ಲಿ ಎರಡಿದ್ದುದು ಆರಕ್ಕೇರಿತು. ಕೆಳಗಿನ ಸ್ಟಾರ್ಟರಿನಲ್ಲಿ ಏಕಕಾಲಕ್ಕೆ ಮೂರೇ ಪ್ರೋಗ್ರಾಮುಗಳು ನಡೆಯುತ್ತಿದ್ದವು. ಮೇಲಿನ ಅಲ್ಟಿಮೇಟನ್ನು ಕೊಂಡವರಿಗೆ ವಿಶೇಷ ಕೊಡುಗೆಗಳ ಆಶ್ವಾಸನೆಯಿತ್ತು, ಬಂದುವು ಕೆಲವೇ. 2009ರ ವಿಂಡೋಸ್ 7ರಲ್ಲಿ ಆ ಯೋಜನೆಯನ್ನೇ ಕೈಬಿಡಲಾಯಿತು. ಹೆಚ್ಚು ಹಣ ತೆತ್ತವರಿಗೇ ನಿರಾಶೆಯಾಯಿತು.

ಇದರಿಂದ ತಿಳಿಯುವುದೇನು? ಬೆಲೆಯೇರಿದ ಮಾತ್ರಕ್ಕೆ ಯಂತ್ರದ ವೇಗ ಏರದು. ಮನೆಯೊಂದೇ, ತೆರೆದಿಟ್ಟ ಬಾಗಿಲುಗಳ ಲೆಕ್ಕ ಬೇರೆ. ಪತ್ರ ಬರೆಯುವುದಕ್ಕೂ ಮಕ್ಕಳ ಪಾಠಕ್ಕೂ ಹೋಮ್ ಸಾಕು. ಡೊಮೇನ್ ಸೇರಲೇಬೇಕಾದವರು ಅಗ್ಗವೆಂದು ಅದನ್ನೇ ಕೊಂಡರೆ ಮತ್ತೊಮ್ಮೆ ಹಣ ತೆರಬೇಕಾದೀತು.

ಇನ್ನು, ದುಬಾರಿಯದಕ್ಕೆ ಆಯುಸ್ಸು ಹೆಚ್ಚೆಂದು ಭಾವಿಸುವಂತಿಲ್ಲ. ವಿಂಡೋಸ್ 10ರ ಹೋಮ್, ಪ್ರೊ ಎರಡಕ್ಕೂ ಸಾಮಾನ್ಯ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ರಂದೇ. ನಮ್ಮ ಹಿರಿಯರು ಹಾಸಿಗೆ ಇದ್ದಷ್ಟು ಕಾಲು ಚಾಚೆಂದರು. ಇಲ್ಲಿ ಕಾಲಿನ ಉದ್ದವನ್ನು ಅಳೆದು ಹಾಸಿಗೆ ಕೊಳ್ಳುವುದು ಲೇಸು. ಆದುದರಿಂದ ಅಂಗಡಿಗೆ ಹೋಗುವ ಮುನ್ನ ಮನೆಯ ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಆವೃತ್ತಿಯ ಹೆಸರನ್ನು ಆಮೇಲೆ ವಿಚಾರಿಸಿರಿ.